ಮದ್ರಾಸ್ ತಾರಸಿ, ಜಾಲರಿ ಲಿಫ್ಟು, ಲಲಿತ ಮಹಲ್: ಹಳೆಯ ಹೋಟೆಲುಗಳ ಬಗ್ಗೆ ನಿಮ್ಮ ಪ್ರಶ್ನೆಗಳು

ಪಾರಂಪರಿಕ ಹೋಟೆಲುಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಬಹುಪಾಲು ದಾವಣಗೆರೆ, ಚಿತ್ರದುರ್ಗದವು. ಮಂಡಿ ವ್ಯಾಪಾರ, ಹತ್ತಿ ಗಿರಣಿಗಳ ಕಾಲದ ದೊಡ್ಡ ಮನೆಗಳು ಆ ಕಡೆ ಇನ್ನೂ ನಿಂತಿವೆ. ಹೆಸರಾಂತ ಹೋಟೆಲುಗಳ ಚರಿತ್ರೆ ಕೇಳಿದವರು ಕೊನೆಗೆ ತಮ್ಮ ಮನೆಯ ತಾರಸಿ, ಗೋಡೆಯ ಬಗ್ಗೆಯೇ ಕೇಳಿದ್ದಾರೆ. ಎರಡೂ ಒಂದೇ ವಿಷಯ, ಬೇರೆ ಬೇರೆ ಮಾಡುವುದು ಬೇಡ. ಹಳೆಯ ಕಟ್ಟಡಗಳ ದುರಸ್ತಿಯಲ್ಲಿ ಪಳಗಿದ ಎಂಜಿನಿಯರುಗಳು ಮತ್ತು ಗಾರೆ ಮೇಸ್ತ್ರಿಗಳು ಉತ್ತರ ಕೊಟ್ಟಿದ್ದಾರೆ.

ಮೈಸೂರಿನ ಲಲಿತ ಮಹಲ್ ನೋಡಿಕೊಂಡು ಬಂದೆವು. ಅರಮನೆಯನ್ನೇ ಹೋಟೆಲ್ ಮಾಡಿದ್ದಾರೆ ಅಂದರು. ಹಾಗಾದರೆ ಅಲ್ಲಿ ಯಾವ ಮಹಾರಾಜರು ವಾಸವಿದ್ದರು? (ಮಂಡಿಪೇಟೆ, ದಾವಣಗೆರೆ)

ಮಹಾರಾಜರ ವಾಸಕ್ಕೆಂದು ಕಟ್ಟಿದ್ದಲ್ಲ ಅದು. ಮೊದಲ ದಿನದಿಂದಲೂ ಅತಿಥಿಗೃಹವೇ. ನಾಲ್ವಡಿ ಕೃಷ್ಣರಾಜ ಒಡೆಯರು 1921ರ ನವೆಂಬರ್ 18ರಂದು ಶಂಕುಸ್ಥಾಪನೆ ಮಾಡಿದರು. ಮೈಸೂರಿಗೆ ಬರುವ ವೈಸರಾಯ್ ಮತ್ತು ಅವರ ಪರಿವಾರ ಇಳಿದುಕೊಳ್ಳಲಿ ಎಂಬುದು ಉದ್ದೇಶ. ನಕ್ಷೆ ಮುಂಬೈಯ ವಾಸ್ತುಶಿಲ್ಪಿ ಇ.ಡಬ್ಲ್ಯೂ. ಫ್ರಿಚ್ಲಿಯವರದು, ಕಟ್ಟಿಸಿದ ಗುತ್ತಿಗೆದಾರರು ಬಿ. ಮುನಿವೆಂಕಟಪ್ಪ. ಮಧ್ಯದ ದೊಡ್ಡ ಗುಮ್ಮಟ ನೋಡಿದವರಿಗೆ ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲ್ ನೆನಪಾಗುತ್ತದೆ. ಹೋಟೆಲಾಗಿ ಬಾಗಿಲು ತೆರೆದದ್ದು 1974ರಲ್ಲಿ. ಲಲಿತ ಮಹಲಿನ ಶಂಕುಸ್ಥಾಪನೆಗೂ ಒಂದು ವರ್ಷ ಮೊದಲು, 1920ರಲ್ಲಿ, ಬ್ರಿಟಿಷ್ ಅತಿಥಿಗಳಿಗೆಂದೇ ಕಟ್ಟಿಸಿದ ಮೆಟ್ರೊಪೋಲ್ ಹೋಟೆಲ್ ಕೂಡ ಅದೇ ಊರಿನಲ್ಲಿದೆ.

ಅತಿಥಿಗಳಿಗೆಂದೇ ಹುಟ್ಟಿದ ಕಟ್ಟಡವಾದ್ದರಿಂದ ಹೋಟೆಲ್ ಮಾಡುವಾಗ ಅದರ ಸ್ವಭಾವಕ್ಕೆ ಪೆಟ್ಟು ಬೀಳಲಿಲ್ಲ. ಅಂತಃಪುರ, ದರ್ಬಾರು ಇರುವ ಅರಮನೆಯನ್ನು ಹೋಟೆಲ್ ಮಾಡಹೊರಟರೆ ಅಡ್ಡಗೋಡೆ ಎಬ್ಬಿಸಬೇಕು, ಸ್ನಾನದ ಮನೆ ತುರುಕಬೇಕು. ಆಗ ಕಟ್ಟಡದ ಅಂದಗೆಡುತ್ತದೆ. ಇನ್ನೊಮ್ಮೆ ಹೋದಾಗ ಎರಡು ಜಾಗದಲ್ಲಿ ನಿಧಾನವಾಗಿ ನಿಲ್ಲಿ. ಒಂದು, ಮುಂಭಾಗದ ಜೋಡಿ ಕಂಬಗಳ ಸಾಲು. ಕಂಬಗಳು ಎರಡೆರಡಾಗಿ ನಿಂತಿರುವುದರಿಂದ ಅಷ್ಟುದ್ದದ ಕಟ್ಟಡ ಕಣ್ಣಿಗೆ ಭಾರ ಅನ್ನಿಸುವುದಿಲ್ಲ. ಇನ್ನೊಂದು, ಹಿಂದೆ ನೃತ್ಯಶಾಲೆಯಾಗಿದ್ದು ಈಗ ಊಟದ ಹಾಲ್ ಆಗಿರುವ ಕೋಣೆ. ಅದರ ಚಾವಣಿಯಲ್ಲಿ ಬಣ್ಣದ ಗಾಜಿನ ಗುಮ್ಮಟಗಳಿವೆ. ಹಗಲಿನಲ್ಲಿ ದೀಪ ಆರಿಸಿದ್ದಾಗ ನೋಡಿ, ಮೇಜಿನ ಮೇಲಿನ ತಟ್ಟೆಯವರೆಗೂ ಬೆಳಕು ಮೇಲಿನಿಂದಲೇ ಇಳಿಯುತ್ತದೆ.

ಮುಂಬೈಯ ತಾಜ್ ಹೋಟೆಲನ್ನು ನಕ್ಷೆ ತಿರುವುಮುರುವಾಗಿ ಹಿಡಿದು ಕಟ್ಟಿಬಿಟ್ಟರು, ಅದನ್ನು ನೋಡಿ ಎಂಜಿನಿಯರ್ ಪ್ರಾಣ ಕಳೆದುಕೊಂಡ ಎಂದು ಗೈಡ್ ಹೇಳಿದ. ನಿಜವೇ? (ವಿದ್ಯಾನಗರ, ದಾವಣಗೆರೆ)

ನಿಜವಲ್ಲ. ಸೀತಾರಾಮ್ ಖಂಡೇರಾವ್ ವೈದ್ಯ ಮತ್ತು ಡಿ.ಎನ್. ಮಿರ್ಜಾ ನಕ್ಷೆ ಮಾಡಿದವರು. ಕಟ್ಟಡ ಮುಗಿಯುವ ಮೊದಲೇ ವೈದ್ಯರು ತೀರಿಕೊಂಡರು, ಉಳಿದ ಕೆಲಸವನ್ನು ಡಬ್ಲ್ಯೂ.ಎ. ಚೇಂಬರ್ಸ್ ಪೂರೈಸಿದರು. ಜಮ್ಷೇಟ್‌ಜಿ ಟಾಟಾ ಅವರ ಆ ಹೋಟೆಲ್ 1903ರ ಡಿಸೆಂಬರ್ 16ರಂದು ತೆರೆಯಿತು. ಮೂಲ ಬಾಗಿಲು ಊರಿನ ಕಡೆಗಿತ್ತು, ಸಮುದ್ರದ ಕಡೆಗಲ್ಲ. ಗೈಡ್ ಹೇಳಿದ ಕಥೆ ಹುಟ್ಟಿದ್ದು ಅಲ್ಲಿಂದಲೇ. ಆದರೆ ಆ ಕಾಲದಲ್ಲಿ ಅತಿಥಿಗಳು ಊರಿನಿಂದ ಕುದುರೆ ಗಾಡಿಯಲ್ಲಿ ಬರುತ್ತಿದ್ದರು. ಬಾಗಿಲು ಆ ಕಡೆ ಇಟ್ಟಿದ್ದರಿಂದ ಸಮುದ್ರದ ಗಾಳಿ, ನೋಟ ಎರಡೂ ಕೋಣೆಗಳಿಗೆ ಸಿಕ್ಕವು. ಎದುರಿನ ಗೇಟ್‌ವೇ ಆಫ್ ಇಂಡಿಯಾ ಉದ್ಘಾಟನೆಯಾದದ್ದು 1924ರಲ್ಲಿ. ಹೋಟೆಲ್ ಕಟ್ಟುವಾಗ ಆ ಕಡೆ ಮುಖ ಮಾಡಲು ಅಂಥದ್ದೇನೂ ಅಲ್ಲಿರಲಿಲ್ಲ. ಈಗ ಈಜುಕೊಳ ಇರುವ ಅಂಗಳದ ಕಡೆಯೇ ಹಳೆಯ ಪ್ರವೇಶ.

ಮೊದಲ ಮಹಾಯುದ್ಧದಲ್ಲಿ ಇದೇ ಕಟ್ಟಡ 600 ಹಾಸಿಗೆಗಳ ಆಸ್ಪತ್ರೆಯಾಗಿತ್ತು. 2008ರ ದಾಳಿಯಲ್ಲಿ ಹೊತ್ತಿ ಉರಿದ ಹಳೆಯ ಭಾಗ 2010ರ ಆಗಸ್ಟ್ 15ರಂದು ಮತ್ತೆ ತೆರೆಯಿತು. ಅದರಿಂದ ಸ್ವಲ್ಪ ದೂರದಲ್ಲೇ ಹಿಂದೆ ವಾಟ್ಸನ್ ಹೋಟೆಲ್ ಎಂದು ಹೆಸರಾಗಿದ್ದ ಕಟ್ಟಡ ಇದೆ. ಇಂಗ್ಲೆಂಡಿನಿಂದ ಎರಕದ ಕಬ್ಬಿಣದ ಭಾಗಗಳನ್ನು ಹಡಗಿನಲ್ಲಿ ತಂದು 1860ರ ದಶಕದಲ್ಲಿ ಜೋಡಿಸಿದ್ದು. ಭಾರತದಲ್ಲಿ ಲೂಮಿಯೇರ್ ಸಹೋದರರ ಚಲನಚಿತ್ರ ಮೊದಲು ತೋರಿಸಿದ್ದು ಅಲ್ಲೇ, 1896ರ ಜುಲೈ 7ರಂದು. ಹೋಟೆಲ್ ಮುಚ್ಚಿ, ಕಟ್ಟಡ ಹತ್ತಾರು ಬಾಡಿಗೆದಾರರ ಪಾಲಾಯಿತು. ಮಳೆನೀರಿನ ಕೊಳವೆ ಸ್ವಚ್ಛ ಮಾಡುವುದು ಯಾರ ಜವಾಬ್ದಾರಿಯೂ ಅಲ್ಲವಾಯಿತು. 2005ರಲ್ಲಿ ಮುಂಭಾಗದ ಒಂದು ಭಾಗ ಕುಸಿಯಿತು. ತಾಜ್‌ಗಿಂತ ಮೂವತ್ತೈದು ವರ್ಷವಷ್ಟೇ ಹಿರಿಯ ಕಟ್ಟಡ ಅದು. ಇಬ್ಬರ ಹಣೆಬರಹ ಬೇರೆಯಾದದ್ದು ವಯಸ್ಸಿನಿಂದಲ್ಲ, ದಿನನಿತ್ಯದ ಆರೈಕೆಯಿಂದ.

ನಮ್ಮೂರಲ್ಲಿ ಹೋಟೆಲ್ ಅಂದರೆ ಬೆಣ್ಣೆದೋಸೆ ತಿನ್ನೋ ಜಾಗ, ಉಳಿದುಕೊಳ್ಳೋದಕ್ಕೆ ಲಾಡ್ಜ್. ನಮ್ಮ ಅಜ್ಜ 1938ರಲ್ಲಿ ಕಟ್ಟಿಸಿದ ಹತ್ತಿ ವ್ಯಾಪಾರದ ಮನೆ ಇದೆ, 9 ಕೋಣೆ. ದೊಡ್ಡಪ್ಪನ ಮಕ್ಕಳೆಲ್ಲ ಸೇರಿ ಅದನ್ನು ಪಾರಂಪರಿಕ ಹೋಟೆಲ್ ಮಾಡೋಣ ಅಂತಿದ್ದೇವೆ. ಆಗುತ್ತದೆಯೇ? (ಚೌಕಿಪೇಟೆ, ದಾವಣಗೆರೆ)

ಆಗುತ್ತದೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ವರ್ಗೀಕರಣದಲ್ಲಿ ಹೆರಿಟೇಜ್ ಹೋಟೆಲ್ ಎಂದರೆ 1950ಕ್ಕಿಂತ ಮೊದಲು ಕಟ್ಟಿದ ಮನೆ, ಹವೇಲಿ, ಕೋಟೆ, ಅರಮನೆ ಇತ್ಯಾದಿಯಲ್ಲಿ ನಡೆಯುವ ಹೋಟೆಲ್. ಹೆರಿಟೇಜ್, ಹೆರಿಟೇಜ್ ಕ್ಲಾಸಿಕ್, ಹೆರಿಟೇಜ್ ಗ್ರ್ಯಾಂಡ್ ಎಂದು ಮೂರು ದರ್ಜೆ. ಮೊದಲ ದರ್ಜೆಗೆ ಕನಿಷ್ಠ 5 ಕೋಣೆ, 10 ಹಾಸಿಗೆ ಸಾಕು. ಮೇಲಿನ ಎರಡಕ್ಕೆ ಕನಿಷ್ಠ 15 ಕೋಣೆ ಬೇಕು, ಕಟ್ಟಡವೂ ಇನ್ನಷ್ಟು ಹಳೆಯದಿರಬೇಕು. ನಿಮ್ಮ ಮನೆ ಮೊದಲ ದರ್ಜೆಗೆ ಅರ್ಜಿ ಹಾಕಬಹುದು. ಈ ವರ್ಗೀಕರಣ ಕಡ್ಡಾಯವಲ್ಲ, ನೀವಾಗಿ ಕೇಳಿ ಪಡೆಯುವಂಥದ್ದು. ಪಾಲಿಕೆಯ ಟ್ರೇಡ್ ಲೈಸೆನ್ಸ್, ಅಗ್ನಿಶಾಮಕ ಇಲಾಖೆಯ ಒಪ್ಪಿಗೆ, ಅಡುಗೆ ಮಾಡುವುದಾದರೆ ಆಹಾರ ಸುರಕ್ಷತೆಯ ಪರವಾನಗಿ, ಇವೆಲ್ಲ ಬೇರೆ. ವರ್ಗೀಕರಣ ಸಿಕ್ಕಿತೆಂದು ಇವು ತಪ್ಪುವುದಿಲ್ಲ.

9 ಕೋಣೆ ಎಂದು ಹಿಂಜರಿಯಬೇಡಿ. ಬೆಂಗಳೂರಿನ ವೆಸ್ಟ್ ಎಂಡ್ 1887ರಲ್ಲಿ ಶುರುವಾದದ್ದು 10 ಕೋಣೆಗಳ ಬೋರ್ಡಿಂಗ್ ಮನೆಯಾಗಿ. ಪರಿಶೀಲನೆಗೆ ಬರುವವರು ಮುಖ್ಯವಾಗಿ ನೋಡುವುದು ಕಟ್ಟಡದ ಮುಖ, ಕಟ್ಟಿದ ಬಗೆ, ಒಳಗಿನ ವಾತಾವರಣ ಆ ಸೀಮೆಯ ಹಳೆಯ ಬದುಕಿಗೆ ಹೊಂದುತ್ತದೆಯೇ ಎಂದು. ಆದ್ದರಿಂದ ಅರ್ಜಿ ಹಾಕುವ ಮೊದಲು ಜಗಲಿಯ ಕಂಬ ಕೀಳಬೇಡಿ, ಮುಂಭಾಗಕ್ಕೆ ಗಾಜು, ಅಲ್ಯುಮಿನಿಯಂ ಹೊದಿಕೆ ಹಾಕಿಸಬೇಡಿ. ಒಮ್ಮೆ ಕಿತ್ತದ್ದನ್ನು ಹಾಗೆಯೇ ಮತ್ತೆ ಕೂರಿಸಲು ಬರುವುದಿಲ್ಲ. ಕೆಲಸ ಶುರುವಾಗುವ ಮೊದಲು ಪ್ರತಿ ಕೋಣೆಯ ನಾಲ್ಕು ಗೋಡೆ, ಚಾವಣಿ, ನೆಲದ ಫೋಟೊ ತೆಗೆದು ದಿನಾಂಕ ಹಾಕಿ ಇಡಿ. ಅಣ್ಣತಮ್ಮಂದಿರ ಹೆಸರಿನಲ್ಲಿ ಮನೆಯ ಜಂಟಿ ಖಾತೆ ಇದ್ದರೆ ಪಾಲುದಾರಿಕೆಯ ಕಾಗದ ಮೊದಲು ಮಾಡಿಕೊಳ್ಳಿ. ಹಳೆಯ ಮನೆಗಳ ಯೋಜನೆ ನಿಂತುಹೋಗುವುದು ಹಣದ ಕೊರತೆಗಿಂತ ಹೆಚ್ಚಾಗಿ ಒಬ್ಬ ಪಾಲುದಾರನ ಸಹಿ ಇಲ್ಲದೆ.

ಚಿತ್ರದುರ್ಗದ ಕೋಟೆಯ ಹತ್ತಿರ ನಮ್ಮ ಹಳೆ ಮನೆ ಇದೆ. ಮೇಲೆ ಒಂದು ಮಹಡಿ ಎಬ್ಬಿಸಿ ಕೋಣೆ ಬಾಡಿಗೆಗೆ ಕೊಡಬಹುದೇ? (ಚಿತ್ರದುರ್ಗ)

ಟೇಪು ಹಿಡಿದು ಅಳೆಯಿರಿ. ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. 2010ರ ತಿದ್ದುಪಡಿ ಕಾಯ್ದೆಯಂತೆ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅಲ್ಲಿಂದ ಮುಂದಿನ 200 ಮೀಟರ್ ನಿಯಂತ್ರಿತ ಪ್ರದೇಶ. 100 ಮೀಟರ್ ಒಳಗೆ ಹೊಸ ಮಹಡಿಗೆ ಅವಕಾಶವಿಲ್ಲ. 1992ರ ಜೂನ್ 16ಕ್ಕೆ ಮೊದಲೇ ಇದ್ದ ಮನೆಯ ದುರಸ್ತಿ, ನವೀಕರಣಕ್ಕೆ ಅನುಮತಿ ಕೇಳಬಹುದು. ನಿಯಂತ್ರಿತ ಪ್ರದೇಶದಲ್ಲಿ ಹೊಸ ಕೆಲಸಕ್ಕೂ ಅನುಮತಿ ಬೇಕು. ಗಡಿ ಎಂದರೆ ಇಲಾಖೆ ಗುರುತಿಸಿದ ಸಂರಕ್ಷಿತ ಗಡಿ. ನಿಮ್ಮ ಕಣ್ಣಿಗೆ ಕಾಣುವ ಹತ್ತಿರದ ಬುರುಜನ್ನೇ ಲೆಕ್ಕ ಹಿಡಿದು ಮೇಸ್ತ್ರಿಗೆ ಮುಂಗಡ ಕೊಡಬೇಡಿ.

1938ರ ಮನೆಯವರೇ ಮತ್ತೆ ಬರೆದಿದ್ದಾರೆ: ಮದ್ರಾಸ್ ತಾರಸಿ ಸೋರುತ್ತಿದೆ. ಮೇಲೆ ನಾಲ್ಕಿಂಚು ಕಾಂಕ್ರೀಟ್ ಹಾಕಿ ಮುಗಿಸಿಬಿಡಿ ಎಂದು ಕಂಟ್ರಾಕ್ಟರ್ ಹೇಳುತ್ತಾರೆ. ಹಾಕಿಸಲೇ?

ದಯವಿಟ್ಟು ಹಾಕಿಸಬೇಡಿ. ನಾಲ್ಕಿಂಚು ಕಾಂಕ್ರೀಟಿನ ಭಾರ ಒಂದು ಚದರ ಮೀಟರಿಗೆ ಸುಮಾರು 240 ಕೆ.ಜಿ. 10 ಅಡಿಗೆ 12 ಅಡಿ ಕೋಣೆಯ ಮೇಲೆ ಅದು ಎರಡೂವರೆ ಟನ್ನಿಗಿಂತ ಹೆಚ್ಚಾಯಿತು. ತೊಂಬತ್ತು ವರ್ಷ ಹತ್ತಿರವಾದ ಜಂತೆಗಳ ಮೇಲೆ ಇಷ್ಟು ಹೊಸ ಭಾರ ಹೇರುವುದು ಅಪಾಯ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಈಗಾಗಲೇ ಒಳಗೆ ಸೇರಿರುವ ತೇವ ಸಿಮೆಂಟಿನ ಕೆಳಗೆ ಸಿಕ್ಕಿಕೊಂಡು, ಮೇಲೆ ಹೋಗಲು ದಾರಿಯಿಲ್ಲದೆ ಜಂತೆಗೆ ಇಳಿಯುತ್ತದೆ. ಎರಡು ಮಳೆಗಾಲ ಸೋರಿಕೆ ನಿಂತಂತೆ ಕಾಣುತ್ತದೆ, ಆಮೇಲೆ ಗೋಡೆಯೊಳಗೆ ಹೂತ ಜಂತೆಯ ತುದಿ ಲಡ್ಡಾಗಿರುವುದು ಗೊತ್ತಾಗುತ್ತದೆ. ಡಾಂಬರು ಶೀಟು ಹಾಸಿದರೂ ಇದೇ ಗತಿ.

ಮದ್ರಾಸ್ ತಾರಸಿ ಹೇಗೆ ನಿಂತಿದೆ ಎಂಬುದು ತಿಳಿದರೆ ದುರಸ್ತಿ ಸುಲಭ. ತೇಗದ ಜಂತೆಗಳು ಸುಮಾರು ಒಂದೂವರೆ ಅಡಿಗೊಂದು. ಅವುಗಳ ಮೇಲೆ ಒಂದಿಂಚು ದಪ್ಪದ ಸಣ್ಣ ತಾರಸಿ ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ, ಜಂತೆಗೆ ಓರೆಯಾಗಿ, ಸುಣ್ಣದ ಗಾರೆಯಲ್ಲಿ ಸಾಲಾಗಿ ಕೂರಿಸಿರುತ್ತಾರೆ. ಅದರ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಮೂರಿಂಚು ಪದರ. ಅದರ ಮೇಲೆ ಚಪ್ಪಟೆ ಹೆಂಚು, ಕೊನೆಗೆ ನಯ ಗಾರೆ. ನೀರು ತಡೆಯುವುದು ಯಾವುದೋ ಒಂದು ಪದರವಲ್ಲ. ಮೇಲಿನದು ಸ್ವಲ್ಪ ನೀರು ಕುಡಿದರೂ ಬಿಸಿಲಿಗೆ ಆರಿಹೋಗಬೇಕು, ಇದು ಅದರ ಲೆಕ್ಕಾಚಾರ.

ಮೊದಲು ಸೋರುವ ಜಾಗ ಹುಡುಕಿ. ಬಹುತೇಕ ಸೋರಿಕೆ ತಾರಸಿಯ ನಡುವಿನಿಂದ ಬರುವುದಿಲ್ಲ, ಪ್ಯಾರಪೆಟ್ ಗೋಡೆ ತಾರಸಿಗೆ ಕೂಡುವ ಮೂಲೆಯಿಂದ ಬರುತ್ತದೆ. ಅಲ್ಲಿ ಅರಳಿ, ಆಲದ ಸಸಿ ಇದ್ದರೆ ಬೇರು ಸಮೇತ ತೆಗೆಯಿರಿ. ಮೇಲೆ ಕತ್ತರಿಸಿದರೆ ಮುಂದಿನ ಮಳೆಗೆ ಎರಡರಷ್ಟು ದಪ್ಪವಾಗಿ ಬರುತ್ತದೆ. ನೀರು ಹೊರಹೋಗುವ ಕೊಳವೆಗಳ ಬಾಯಿಗೆ ಎಲೆ, ಪಾರಿವಾಳದ ಗೂಡು ಸೇರಿಕೊಂಡಿದೆಯೇ ನೋಡಿ. ಇಷ್ಟರಲ್ಲೇ ಅರ್ಧ ಸೋರಿಕೆ ನಿಂತುಹೋದ ಮನೆಗಳು ಎಷ್ಟೋ. ಆಮೇಲೆ ಸಣ್ಣ ಮರದ ಕೊಡತಿಯಿಂದ ತಾರಸಿ ಪೂರ್ತಿ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದಿಂದ ಗೆರೆ ಹಾಕಿ. ಅಷ್ಟನ್ನು ಮಾತ್ರ ಎಬ್ಬಿಸಿ.

ಕೆಳಗಿನಿಂದ ಜಂತೆಗಳನ್ನೂ ನೋಡಬೇಕು. ಗೋಡೆಗೆ ಹೊಗುವ ಕಡೆ ಸ್ಕ್ರೂಡ್ರೈವರ್ ಒತ್ತಿ. ಗಟ್ಟಿ ತೇಗಕ್ಕೆ ತುದಿ ಇಳಿಯುವುದಿಲ್ಲ. ಅರ್ಧ ಇಂಚು ಸಲೀಸಾಗಿ ಇಳಿದರೆ ಅದು ಕೊಳೆತಿದೆ ಅಥವಾ ಗೆದ್ದಲು ತಿಂದಿದೆ. ಇಡೀ ಜಂತೆ ಬದಲಿಸಬೇಕಿಲ್ಲ. ಕೆಳಗೆ ಆನಿಕೆ ಕೊಟ್ಟು, ಕೊಳೆತ ತುದಿ ಕತ್ತರಿಸಿ, ಎರಡೂ ಮಗ್ಗುಲಿಗೆ ಉಕ್ಕಿನ ಚಾನೆಲ್ ಇಟ್ಟು ಬೋಲ್ಟ್ ಹಾಕಬಹುದು. ಗೋಡೆಯೊಳಗಿನ ತುದಿಯ ಸುತ್ತ ಬೆರಳು ತೂರುವಷ್ಟು ಗಾಳಿ ಜಾಗ ಬಿಡಬೇಕು. ಸಿಮೆಂಟ್ ತುಂಬಿ ಬಿಗಿದರೆ ಅದೇ ತುದಿ ಮತ್ತೆ ಕೊಳೆಯುತ್ತದೆ.

ಎಬ್ಬಿಸಿದ ಜಾಗಕ್ಕೆ ಮುಕ್ಕಾಲಿಂದ ಒಂದು ಇಂಚಿನ ಇಟ್ಟಿಗೆ ಜಲ್ಲಿ ಎರಡೂವರೆ ಪಾಲು, ಸುಣ್ಣದ ಗಾರೆ ಒಂದು ಪಾಲು. ಜಲ್ಲಿಯನ್ನು ಹಿಂದಿನ ದಿನವೇ ನೀರಿನಲ್ಲಿ ನೆನೆಸಿಡಿ. ಒಣ ಇಟ್ಟಿಗೆ ಗಾರೆಯ ನೀರನ್ನು ಹೀರಿಕೊಂಡರೆ ಸುಣ್ಣ ಪುಡಿಯಾಗಿಯೇ ಉಳಿಯುತ್ತದೆ. ನಾಲ್ಕಿಂಚು ಹರಡಿ, ಕೊಡತಿಯಲ್ಲಿ ಬಡಿದು ಮೂರಿಂಚಿಗೆ ಇಳಿಸಬೇಕು. ಬಡಿಯುವ ಕೆಲಸ ಒಂದು ದಿನದ್ದಲ್ಲ, ಎರಡು ಮೂರು ದಿನದ್ದು. ಬಡಿಯುವಾಗ ಅಳಲೆಕಾಯಿ–ಬೆಲ್ಲದ ನೀರು ಚಿಮುಕಿಸಬೇಕು. ನೂರು ಚದರ ಅಡಿಗೆ 600 ಗ್ರಾಂ ಅಳಲೆಕಾಯಿ ಜಜ್ಜಿ, 200 ಗ್ರಾಂ ಬೆಲ್ಲದ ಜೊತೆ 40 ಲೀಟರ್ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ತಿಳಿ ಬಸಿದುಕೊಂಡರೆ ಸಾಕು. ಬೆಲ್ಲ ಜಾಸ್ತಿ ಹಾಕಿದರೆ ಗಟ್ಟಿಯಾಗುತ್ತದೆ ಎಂಬ ನಂಬಿಕೆ ತಪ್ಪು, ಇರುವೆ ಬರುತ್ತದೆ ಅಷ್ಟೇ. ಕೊಡತಿ ಏಟಿಗೆ ಗುರುತು ಬೀಳದೆ ಪುಟಿದು ಬರತೊಡಗಿದಾಗ ಬಡಿಯುವುದು ಮುಗಿಯಿತು. ಸದ್ದೂ ಬದಲಾಗುತ್ತದೆ. ಮೊದಲ ದಿನ ಹಸಿ ಮಣ್ಣಿಗೆ ಹೊಡೆದಂತೆ ಕೇಳುತ್ತಿದ್ದದ್ದು ಕೊನೆಗೆ ಕಲ್ಲಿಗೆ ಹೊಡೆದಂತೆ ಕೇಳುತ್ತದೆ. ಹಳೆಯ ಮೇಸ್ತ್ರಿಗಳು ಕಣ್ಣಿಗಿಂತ ಹೆಚ್ಚು ನಂಬುವುದು ಆ ಸದ್ದನ್ನು.

ಇಳಿಜಾರು 10 ಅಡಿಗೆ ಕನಿಷ್ಠ 2 ಇಂಚು. ಪ್ಯಾರಪೆಟ್ ಮೂಲೆಯನ್ನು ಚೌಕವಾಗಿ ಬಿಡದೆ ಮೂರಿಂಚು ದುಂಡಗೆ ತಿದ್ದಿಸಿ. ಒದ್ದೆ ಗೋಣಿಚೀಲ ಅಥವಾ ಹುಲ್ಲು ಹೊದಿಸಿ ಹತ್ತು ದಿನ ತೇವ ಆರದಂತೆ ಕಾಯಿರಿ. ನವೆಂಬರಿನಿಂದ ಜನವರಿ ಕೊನೆಯವರೆಗೆ ಈ ಕೆಲಸಕ್ಕೆ ಹೇಳಿ ಮಾಡಿಸಿದ ಕಾಲ. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ಮಾಡಿಸಿದರೆ ಮೇಲ್ಪದರ ಮಧ್ಯಾಹ್ನದೊಳಗೆ ಬಿರುಕು ಬಿಡುತ್ತದೆ.

ಸುಣ್ಣ ಇಷ್ಟು ನೀರು ತಡೆಯುತ್ತದೆಯೇ ಎಂದು ಅನುಮಾನವಿದ್ದರೆ ಹಿರಿಯೂರಿಗೆ ಹೋಗಿ ಬನ್ನಿ. 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ ಸುಣ್ಣ ಮತ್ತು ಸುರ್ಕಿಯ, ಅಂದರೆ ಇಟ್ಟಿಗೆ ಪುಡಿಯ, ಗಾರೆಯಲ್ಲಿ ಕಟ್ಟಿದ ಕಲ್ಲಿನ ಅಣೆಕಟ್ಟು. 1933ರ ನಂತರ 2022ರಲ್ಲಿ ಅದು ಮತ್ತೆ ಕೋಡಿ ಬಿದ್ದಾಗಲೂ ಅದೇ ಕಟ್ಟೆ ಅಷ್ಟೂ ನೀರನ್ನು ಹಿಡಿದು ನಿಂತಿತ್ತು.

ಗೋಡೆಗೆ ಐದು ವರ್ಷದ ಹಿಂದೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿ ಒಳ್ಳೆ ಪ್ಲಾಸ್ಟಿಕ್ ಪೇಂಟ್ ಹೊಡೆಸಿದೆವು. ಈಗ ನೆಲದಿಂದ ಮೂರಡಿವರೆಗೆ ಉಬ್ಬಿ ಉದುರುತ್ತಿದೆ, ಬಿಳಿ ಪುಡಿ ಬರುತ್ತಿದೆ. (ಹೊಳಲ್ಕೆರೆ)

ಆ ಬಿಳಿ ಪುಡಿ ಉಪ್ಪು. ಹಳೆಯ ಗೋಡೆಯ ಬುಡದಲ್ಲಿ ತೇವ ತಡೆಯುವ ಪದರ ಇರುವುದಿಲ್ಲ. ನೆಲದ ನೀರು ಸ್ವಲ್ಪ ಮೇಲೇರುವುದು ಸಹಜ, ಸುಣ್ಣದ ಗಾರೆಯ ಮೂಲಕ ಅದು ಆರಿಯೂ ಹೋಗುತ್ತಿತ್ತು. ನೀವು ಸಿಮೆಂಟಿನಿಂದ ಆ ದಾರಿ ಮುಚ್ಚಿದಿರಿ, ಪೇಂಟಿನಿಂದ ಬೀಗ ಹಾಕಿದಿರಿ. ನೀರು ಇನ್ನೂ ಮೇಲೇರಿತು, ಜೊತೆಗೆ ತಂದ ಉಪ್ಪು ಪ್ಲಾಸ್ಟರಿನ ಹಿಂದೆ ಹರಳುಗಟ್ಟಿ ಇಟ್ಟಿಗೆಯ ಮುಖವನ್ನೇ ತಿನ್ನುತ್ತಿದೆ.

ಮೊದಲು ಒಂದು ಪರೀಕ್ಷೆ ಮಾಡಿ. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಅಂಚಿನಲ್ಲಿ ಟೇಪ್ ಹಚ್ಚಿ ಎರಡು ದಿನ ಬಿಡಿ. ಹಾಳೆಯ ಒಳಗಡೆ ಹನಿ ಕಟ್ಟಿದರೆ ತೇವ ಗೋಡೆಯಿಂದ ಬರುತ್ತಿದೆ. ಕೋಣೆಯ ಕಡೆಯ ಮುಖದಲ್ಲಿ ಹನಿ ಇದ್ದರೆ ಗಾಳಿಯಾಡದ ಕೋಣೆಯ ತೇವ ಅದು, ಕಿಟಕಿ ತೆರೆದಿಟ್ಟರೆ ಸಾಕು.

ಗೋಡೆಯಿಂದಲೇ ಬರುತ್ತಿದ್ದರೆ, ಕಲೆ ಕಾಣುವ ಎತ್ತರಕ್ಕಿಂತ ಒಂದೂವರೆ ಅಡಿ ಮೇಲಿನವರೆಗೆ ಸಿಮೆಂಟ್ ಕೀಳಿಸಿ. ಡ್ರಿಲ್ ಬೇಡ, ಉಳಿ ಸುತ್ತಿಗೆ ಸಾಕು. ಒಂದು ಬೇಸಿಗೆ ಪೂರ್ತಿ ಗೋಡೆ ಬೆತ್ತಲೆಯಾಗಿರಲಿ. ಆತುರಪಟ್ಟು ತಿಂಗಳಿಗೇ ಗಾರೆ ಮಾಡಿಸಿದವರು ಮತ್ತೆ ಕೀಳಿಸಿದ್ದಾರೆ. ಉಪ್ಪನ್ನು ಒಣ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ, ನೀರು ಹಾಕಿ ತೊಳೆದರೆ ಕರಗಿ ಮತ್ತೆ ಒಳಗೇ ಹೋಗುತ್ತದೆ. ಆಮೇಲೆ ಸುಣ್ಣ ಒಂದು ಪಾಲು, ಸುರ್ಕಿ ಒಂದು, ಜರಡಿ ಹಿಡಿದ ಮರಳು ಎರಡು. ಮೊದಲ ಕೋಟು ಅರ್ಧ ಇಂಚು, ಎರಡನೆಯದು ಕಾಲಿಂಚು. ಉಪ್ಪು ನೀರಿನ ಬೋರ್‌ವೆಲ್ ಇದ್ದರೆ ಕಲಸಲು, ಕ್ಯೂರಿಂಗಿಗೆ ಅದನ್ನು ಬಳಸಬೇಡಿ.

ಸುಣ್ಣದ ವಿಷಯದಲ್ಲಿ ಒಂದು ಎಚ್ಚರಿಕೆ. ಸುಟ್ಟ ಸುಣ್ಣವನ್ನು ನೀರಿಗೆ ಹಾಕಿ, ಕುದಿತ ನಿಂತ ಮೇಲೆ ಕನಿಷ್ಠ ಮೂರು ವಾರ ನೀರಿನಡಿಯೇ ಬಿಡಿ, ಮೂರು ತಿಂಗಳಾದರೆ ಇನ್ನೂ ಒಳ್ಳೆಯದು. ಬೆರಳಲ್ಲಿ ತೆಗೆದರೆ ಬೆಣ್ಣೆಯ ಹಾಗಿರಬೇಕು. ಸರಿಯಾಗಿ ಅರಳದ ಕಾಳು ಒಂದೇ ಒಂದು ಉಳಿದರೂ, ಗೋಡೆಗೆ ಹೋದ ಮೇಲೆ ತೇವ ಕುಡಿದು ಅರಳಿ, ಕಡಲೆ ಗಾತ್ರದ ಗುಳಿ ಎಬ್ಬಿಸಿ ಸಿಡಿಯುತ್ತದೆ. ಗುಳಿಯ ತಳದಲ್ಲಿ ಬಿಳಿ ಚುಕ್ಕಿ ಕಂಡರೆ ಕಾರಣ ಇದೇ. ಸುಣ್ಣ ಅರಳಿಸುವಾಗ ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್ ಇರಲೇಬೇಕು, ಮಕ್ಕಳು ಹತ್ತಿರ ಬರಬಾರದು.

ಪೇಂಟಿನ ಬದಲು ಸುಣ್ಣವೇ ಬಳಿಯಿರಿ. ಒಂದು ಕೆ.ಜಿ. ಸುಟ್ಟ ಸುಣ್ಣಕ್ಕೆ 5 ಲೀಟರ್ ನೀರು, 24 ಗಂಟೆ ಬಿಟ್ಟು ಬಟ್ಟೆಯಲ್ಲಿ ಸೋಸಿ, 10 ಲೀಟರ್ ಸುಣ್ಣದ ನೀರಿಗೆ 40 ಗ್ರಾಂ ಗೋಂದನ್ನು ಬಿಸಿನೀರಿನಲ್ಲಿ ಕರಗಿಸಿ ಸೇರಿಸಿ. ತೆಳುವಾಗಿ ಮೂರು ಕೋಟು. ಬಳಿದಾಗ ಏನೂ ಕಾಣುವುದಿಲ್ಲ, ಆರಿದ ಮೇಲೆ ಬೆಳ್ಳಗಾಗುತ್ತದೆ. ಇದು ಗೊತ್ತಿಲ್ಲದ ಹುಡುಗರು ದಪ್ಪ ಬಳಿದುಬಿಡುತ್ತಾರೆ, ಅದು ಹಪ್ಪಳದಂತೆ ಎದ್ದು ಬರುತ್ತದೆ. ಹಳೆಯ ಹೋಟೆಲಿನ ಕಾರಿಡಾರಿನಲ್ಲಿ ಸಂಜೆ ಬೆಳಕು ಗೋಡೆಯ ಮೇಲೆ ಮೃದುವಾಗಿ ಹರಡುವುದನ್ನು ಎಷ್ಟೋ ಓದುಗರು ಮೆಚ್ಚಿ ಬರೆದಿದ್ದಾರೆ. ಅದು ತೆಳು ಸುಣ್ಣದ ಕೋಟುಗಳ ಗುಣ. ಎಷ್ಟೇ ದುಬಾರಿ ಪೇಂಟು ತಂದರೂ ಅದು ಬರುವುದಿಲ್ಲ.

ಮುಂಬೈಯ ಹಳೆಯ ಹೋಟೆಲಿನಲ್ಲಿ ಜಾಲರಿ ಬಾಗಿಲಿನ ಲಿಫ್ಟ್ ಹತ್ತಿದೆವು. ಬಾಗಿಲು ಕೂದಲೆಳೆಯಷ್ಟು ತೆರೆದಿದ್ದರೂ ಕದಲಲಿಲ್ಲ. ನಿಂತಾಗ ನೆಲಕ್ಕಿಂತ ಎರಡಿಂಚು ಕೆಳಗೆ ನಿಂತಿತು. ಅಂಥ ಲಿಫ್ಟ್ ಸುರಕ್ಷಿತವೇ? (ಬಿ.ಡಿ. ರಸ್ತೆ, ಚಿತ್ರದುರ್ಗ)

ಕದಲದೆ ಇದ್ದದ್ದೇ ಸುರಕ್ಷತೆ. ಒಳ ಹೊರ ಎರಡೂ ಜಾಲರಿ ಬಾಗಿಲಿಗೆ ಒಂದೊಂದು ವಿದ್ಯುತ್ ಸಂಪರ್ಕ ಇರುತ್ತದೆ. ಬಾಗಿಲು ಪೂರ್ತಿ ಕೂಡಿದರೆ ಮಾತ್ರ ವಿದ್ಯುತ್ ಹರಿಯುತ್ತದೆ. ಬ್ರೇಕನ್ನು ಸ್ಪ್ರಿಂಗ್ ಸದಾ ಬಿಗಿಹಿಡಿದಿರುತ್ತದೆ, ವಿದ್ಯುತ್ ಇದ್ದಾಗ ಮಾತ್ರ ಅಯಸ್ಕಾಂತ ಅದನ್ನು ಬಿಡಿಸುತ್ತದೆ. ಕರೆಂಟ್ ಹೋದರೆ ಲಿಫ್ಟ್ ಬೀಳುವುದಿಲ್ಲ, ಇದ್ದಲ್ಲೇ ನಿಲ್ಲುತ್ತದೆ. ಪೆಟ್ಟಿಗೆ ತೂಗುವ ಹಗ್ಗದ ಇನ್ನೊಂದು ತುದಿಗೆ ಸಮತೂಕದ ಕಬ್ಬಿಣವಿರುತ್ತದೆ. ಪೆಟ್ಟಿಗೆ 500 ಕೆ.ಜಿ., ಹೊರುವ ಭಾರ 400 ಕೆ.ಜಿ. ಎಂದರೆ, ಸಮತೂಕ ಪೆಟ್ಟಿಗೆಯ ಭಾರದ ಜೊತೆ ಹೊರೆಯ 40ರಿಂದ 50 ಪ್ರತಿಶತ ಸೇರಿ 660ರಿಂದ 700 ಕೆ.ಜಿ. ಆದ್ದರಿಂದ ಖಾಲಿ ಲಿಫ್ಟ್ ಮೇಲಕ್ಕೇ ಜಾರಬಯಸುತ್ತದೆ. ಹಳೆಯ ಮೋಟಾರಿಗೆ ಒಂದೇ ವೇಗ. ಬ್ರೇಕ್ ಹಿಡಿದ ಮೇಲೆ ಎಷ್ಟು ಜಾರುತ್ತದೆ ಎಂಬುದು ಒಳಗಿರುವ ಜನರ ತೂಕದ ಮೇಲೆ ನಿಂತಿದೆ. ನೀವು ಜನ ಹೆಚ್ಚಿದ್ದಿರಿ, ಕೆಳಗೆ ಹೋಗುವಾಗ ಎರಡಿಂಚು ಜಾರಿ ನಿಂತಿತು. ಹಳೆಯ ಹೋಟೆಲುಗಳಲ್ಲಿ ಲಿಫ್ಟ್‌ಮ್ಯಾನ್ ಇರುತ್ತಿದ್ದದ್ದು ದೌಲತ್ತಿಗೆ ಮಾತ್ರವಲ್ಲ. ಒಳಗೆ ಎಷ್ಟು ಜನ ಎಂದು ನೋಡಿ, ಲಿಫ್ಟ್ ನಡೆಸುವ ಹಿಡಿಕೆಯನ್ನು ಎಲ್ಲಿ ಬಿಡಬೇಕು ಎಂದು ಅವರ ಕೈಗೆ ಗೊತ್ತಿರುತ್ತಿತ್ತು.

ಅಂಥ ಲಿಫ್ಟ್ ನಿಮ್ಮ ಕಟ್ಟಡದಲ್ಲಿದ್ದರೆ ಕರ್ನಾಟಕದ 2012ರ ಲಿಫ್ಟ್ ಕಾಯ್ದೆಯಂತೆ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್, ನಿಯತ ತಪಾಸಣೆ ಬೇಕು. ಜಾಲರಿಯ ಸಂದಿಗೆ ಮಕ್ಕಳ ಬೆರಳು ಹೋಗದಂತೆ ಒಳಗಿನಿಂದ ಪಾರದರ್ಶಕ ಹಾಳೆ ಹಾಕಿಸಿದರೆ ಅಂದವೂ ಕೆಡುವುದಿಲ್ಲ.

16 ಅಡಿ ಎತ್ತರದ ಚಾವಣಿ. ಫ್ಯಾನ್ ಹಾಕಿದರೂ ಗಾಳಿ ಬರುವುದಿಲ್ಲ. (ಹರಿಹರ ರಸ್ತೆ, ದಾವಣಗೆರೆ)

ರಾಡ್ ಗಿಡ್ಡ. ರೆಕ್ಕೆ ನೆಲದಿಂದ 8ರಿಂದ 9 ಅಡಿಯಲ್ಲಿ ತಿರುಗಬೇಕು. ನಿಮಗೆ ಹತ್ತಿರ ಹತ್ತಿರ 7 ಅಡಿ ರಾಡ್ ಬೇಕು. ಕೊಕ್ಕೆಯನ್ನು ಜಂತೆಗೇ ಬಿಗಿಯಬೇಕು, ನಡುವಿನ ಇಟ್ಟಿಗೆಗಲ್ಲ. ಮೇಲಿನ ವೆಂಟಿಲೇಟರ್‌ಗಳನ್ನು ಎ.ಸಿ. ಹಾಕಿದಾಗ ಹಲಗೆ ಬಡಿದು ಮುಚ್ಚಿದ್ದರೆ ಬಿಚ್ಚಿಸಿ. ಬಿಸಿಗಾಳಿ ಮೇಲೇರಿ ಅಲ್ಲಿಂದಲೇ ಹೊರಹೋಗಬೇಕು, ಎತ್ತರದ ಚಾವಣಿಯ ಉದ್ದೇಶವೇ ಅದು.

ಕೋಣೆಗೊಂದು ಗೀಸರ್ ಹಾಕಬೇಕು. ಹಳೆ ವೈರಿಂಗ್ ತಡೆಯುತ್ತದೆಯೇ? (ಚೌಕಿಪೇಟೆಯವರ ಮೂರನೆಯ ಪ್ರಶ್ನೆ)

ತಡೆಯುವುದಿಲ್ಲ. 2 ಕಿಲೊವ್ಯಾಟ್ ಗೀಸರ್ ಒಂದಕ್ಕೆ ಸುಮಾರು 9 ಆಂಪಿಯರ್. ಬೆಳಿಗ್ಗೆ ಆರೂವರೆಗೆ ಒಂಬತ್ತೂ ಕೋಣೆಯಲ್ಲಿ ಹಾಕಿದರೆ 80 ದಾಟಿತು. ಮರದ ಪಟ್ಟಿಯ ಮೇಲಿನ ಹಳೆಯ ರಬ್ಬರ್ ವೈರು ಮುಟ್ಟಿದರೆ ಪುಡಿಯಾಗುವಂತಿದ್ದರೆ ಪೂರ್ತಿ ಕೀಳಿಸಿ. ತ್ರೀ ಫೇಸ್ ತೆಗೆದುಕೊಂಡು ಕೋಣೆಗಳನ್ನು ಮೂರಕ್ಕೆ ಹಂಚಿ, ಪ್ರತಿ ಗೀಸರಿಗೂ ಬೇರೆ ಎಂ.ಸಿ.ಬಿ. (ಹೊರೆ ಮೀರಿದರೆ ಕರೆಂಟ್ ಕಡಿಯುವ ಸ್ವಿಚ್ಚು), 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್ಚು), ಸರಿಯಾದ ಅರ್ಥಿಂಗ್ ಇರಲಿ. ಸುಣ್ಣದ ಗೋಡೆಯನ್ನು ಯಂತ್ರದಿಂದ ಕೊರೆಸಬೇಡಿ, ಅಕ್ಕಪಕ್ಕದ ಗಾರೆ ಪೂರ್ತಿ ಸಡಿಲವಾಗುತ್ತದೆ. ಗೋಡೆಯ ಮೇಲೆಯೇ ಪೈಪು ಹಾಯಿಸಿ ಗೋಡೆಯ ಬಣ್ಣ ಬಳಿಯಿರಿ. ಸೌರ ನೀರು ಕಾಯಿಸುವ ಟ್ಯಾಂಕ್ ಇಡುವುದಾದರೆ ಮದ್ರಾಸ್ ತಾರಸಿಯ ನಡುವೆ ಇಡಬೇಡಿ. 500 ಲೀಟರ್ ಎಂದರೆ ನೀರೇ ಅರ್ಧ ಟನ್. ಎರಡು ದಪ್ಪ ಗೋಡೆಗಳ ಮೇಲೆ ಉಕ್ಕಿನ ತೊಲೆ ಹಾಯಿಸಿ ಅದರ ಮೇಲೆ ಕೂರಿಸಿ.

ಹಿತ್ತಾಳೆ ಹಿಡಿಕೆ, ಕಾವಿ ನೆಲ ಹೊಳಪು ಕಳೆದುಕೊಂಡಿವೆ. (ಹೊಸದುರ್ಗ)

ಹಿತ್ತಾಳೆಗೆ ಹುಣಸೆಹಣ್ಣು, ಉಪ್ಪು ಒಳ್ಳೆಯದೇ. ಆದರೆ ಬಾಗಿಲಲ್ಲೇ ತಿಕ್ಕಿದರೆ ಹುಳಿ ಇಳಿದು ತೇಗದ ಮೇಲೆ ಕಪ್ಪು ಗೆರೆ ಬೀಳುತ್ತದೆ. ಹಿಡಿಕೆ ಬಿಚ್ಚಿ ತಿಕ್ಕಿ, ಚೆನ್ನಾಗಿ ತೊಳೆದು ಒಣಬಟ್ಟೆಯಲ್ಲಿ ಒರೆಸಿ ಮತ್ತೆ ಹಾಕಿ. ಕಾವಿ ನೆಲಕ್ಕೆ ಆ್ಯಸಿಡ್ ಮುಟ್ಟಿಸಲೇಬೇಡಿ, ಬಿಳಿ ಮಚ್ಚೆಯಾದರೆ ಹೋಗುವುದಿಲ್ಲ. ಬರೀ ನೀರಿನಲ್ಲಿ ಒರೆಸಿ, ವಾರಕ್ಕೊಮ್ಮೆ ಬಟ್ಟೆಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ ತಿಕ್ಕಿ. ಎಣ್ಣೆ ಜಾಸ್ತಿಯಾದರೆ ಧೂಳು ಅಂಟಿ ನೆಲ ಕಪ್ಪಾಗುತ್ತದೆ, ಅತಿಥಿಗಳ ಕಾಲೂ ಜಾರುತ್ತದೆ.

ಮರದ ಮೆಟ್ಟಿಲು ಕಿರ್ರೆನ್ನುತ್ತದೆ. ಮೊಳೆ ಹೊಡೆಸಲೇ? (ಪಿ.ಜೆ. ಬಡಾವಣೆ, ದಾವಣಗೆರೆ)

ಬೇಡ. ಮೇಲಿನಿಂದ ಹೊಡೆದ ಮೊಳೆ ಎರಡು ವರ್ಷದಲ್ಲಿ ತಲೆ ಎತ್ತಿ ಕಾಲಿಗೆ ಚುಚ್ಚುತ್ತದೆ, ತೇಗವೂ ಸೀಳುತ್ತದೆ. ಒಬ್ಬರು ಮೆಟ್ಟಿಲು ಹತ್ತಲಿ, ಇನ್ನೊಬ್ಬರು ಕೆಳಗಿನಿಂದ ಟಾರ್ಚ್ ಹಿಡಿದು ನೋಡಲಿ. ಹಲಗೆಯ ಕೆಳಗೆ ಎರಡೂ ಬದಿಗೆ ತೆಳು ಮರದ ಬೆಣೆಗಳಿರುತ್ತವೆ. ಬೇಸಿಗೆಯಲ್ಲಿ ಮರ ಕುಗ್ಗಿ ಬೆಣೆ ಸಡಿಲವಾದಾಗ ಹಲಗೆ ತಾನು ಕೂತ ತೋಡಿನಲ್ಲಿ ಆಡತೊಡಗುತ್ತದೆ, ಸದ್ದು ಅದರದ್ದು. ಬೆಣೆಯನ್ನು ಹೊರಗೆಳೆದು, ಹಳೆಯ ಅಂಟು ಕೆರೆದು, ಹೊಸ ಅಂಟು ಹಚ್ಚಿ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಕೂರಿಸಿ. ಒಡೆದಿದ್ದರೆ ತೇಗದ್ದೇ ಹೊಸ ಬೆಣೆ ಮಾಡಿಸಿ. ಒಂದು ರಾತ್ರಿ ಆ ಮೆಟ್ಟಿಲನ್ನು ಯಾರೂ ತುಳಿಯಬಾರದು. ಕೆಳಗಿನಿಂದ ಕೈ ಹೋಗದಂತಿದ್ದರೆ ಹಲಗೆಯ ಸಂದಿಗೆ ಮೇಣದಬತ್ತಿ ಉಜ್ಜಿ. ಒಂದು ಮಳೆಗಾಲದವರೆಗೆ ಸದ್ದು ಇರುವುದಿಲ್ಲ.